ಒಂದೇ ಮೇಜಿಗೆ ಎರಡು ಟ್ರೇ

...ಬಿಡಕ್ಕ, ಆ ಪರದೆ ಸರಿಸಬೇಡ. ಈ ಹೊತ್ತಲ್ಲಿ ಬಿಸಿಲು ನೆಟ್ಟಗೆ ಕಣ್ಣಿಗೇ ಬಂದು ಹೊಡೆಯುತ್ತೆ. ನಮ್ಮನೆ ಕಡೆ ನೋಡಕ್ಕೆ ತಾನೇ ಏನಿದೆ? ಅದೇ ಬಣ್ಣ ಎದ್ದುಹೋದ ಹಲಗೆ, ಅದೇ ಮುರುಕಲು ಮೆಟ್ಲು. ದೀಪ ಉರೀತಿದ್ಯಾ? ಅಡುಗೆ ಮನೇದಾ? ನಾನೇ ಆರಿಸದೆ ಬಂದೆ ಅಂತ ಕಾಣುತ್ತೆ. ಓವನ್ ಆರಿಸಿದ್ದೀನಿ, ಅದಕ್ಕೇನೂ ಭಯ ಇಲ್ಲ. ಆರಿಸಿದ್ದೀನಿ ಅಂದ್ನಲ್ಲ. ನೀನು ಬಾ, ಬಂದು ಈ ಕಡೆ ಕುರ್ಚಿ ಮೇಲೆ ಕೂತ್ಕೋ. ಬೆನ್ನು ಕಿಟಕಿ ಕಡೆ ಇರ್ಲಿ. ಹಾಂ, ಹಂಗೆ.

ನಾನು ಕೂರಲ್ಲಕ್ಕ. ಬೆಳಿಗ್ಗೆಯಿಂದ ಎಲ್ಲೂ ಕೂರಕ್ಕಾಗ್ತಿಲ್ಲ ನನ್ನ ಕೈಲಿ. ಕೂತ್ರೆ ಏಳ್ಬೇಕು ಅನ್ಸುತ್ತೆ, ಎದ್ರೆ... ಇರ್ಲಿ ಬಿಡು. ಇದೇನು, ಇಷ್ಟೊಂದು ಪಾತ್ರೆ? ಹುರಿದ ಕೋಳಿ ಯಾರದ್ದು, ಚರ್ಚಿನ ಹಾಡಿನ ಗುಂಪಿನವರದ್ದಾ? ಮುಟ್ಟೇ ಇಲ್ವಲ್ಲ ನೀನು. ಕೇಕೇ ಮೂರು ಬಂದಿದೆ. ಒಂದು ಸತ್ತ ಮನೆಗೆ ಮೂರು ಕೇಕು ಯಾಕೆ ಬೇಕು ಹೇಳು, ಇರೋದು ಒಬ್ಬಳು ಹೆಂಗಸು. ಈ ಹಂದಿ ತೊಡೆ ಒಣಗಿ ಹೋಗಿದೆ, ಅದ್ರ ಮೇಲೆ ಅನಾನಸ್ ಬಿಲ್ಲೆ ಅಂಟಿಸಿದ್ರೆ ಜನಕ್ಕೆ ಗೊತ್ತಾಗಲ್ಲ ಅಂದ್ಕೊಂಡಿದ್ದಾರೆ. ನಾನೇನೂ ಯಾರನ್ನೂ ಆಡ್ಕೋತಿಲ್ಲ. ಕಂಡಿದ್ದು ಹೇಳ್ದೆ.

ಅಕ್ಕ, ಹೋಸಿಯಣ್ಣ ಸೋಮವಾರ ಹೋದ. ಇವತ್ತು ಶುಕ್ರವಾರ. ಇಷ್ಟು ದಿನಕ್ಕೆ ನಿನ್ನ ಹೊಟ್ಟೆಗೆ ಹೋಗಿರೋದು ಬರೀ ಕಾಫಿ, ಮತ್ತೆ ಆ ಉಪ್ಪು ಬಿಸ್ಕತ್ತು. ಯಾರು ಹೇಳಿದ್ರಾ? ಯಾರೂ ಹೇಳಿಲ್ಲ. ನಿನ್ನ ಕಸದ ಡಬ್ಬಿ ನೋಡಿದ್ರೆ ಗೊತ್ತಾಗಲ್ವಾ... ಹಂಗೆ ಗುರಾಯಿಸ್ಬೇಡ. ಮುಚ್ಚಳ ಗಾಳಿಗೆ ಹಾರಿತ್ತು, ಮುಚ್ಚೋಣ ಅಂತ ಹೋಗಿದ್ದೆ. ಮುಚ್ಚೋವಾಗ ಕಣ್ಣು ಮುಚ್ಕೊಂಡು ಮುಚ್ಚಕ್ಕಾಗುತ್ತಾ?

ನಾಳೆ ಗಂಡನ್ನ ಮಣ್ಣು ಮಾಡ್ಬೇಕು ನೀನು. ಚರ್ಚಿನ ಬಾಗಿಲಿಂದ ಪೆಟ್ಟಿಗೆವರೆಗೆ ಎಲ್ಲಾರ ಕಣ್ಣೆದುರಿಗೆ ನಡೀಬೇಕು. ಹಸಿದ ಹೊಟ್ಟೇಲಿ ಕಾಲು ನಡುಗಿ ಮಧ್ಯದಲ್ಲಿ ಬಿದ್ರೆ? ಚರ್ಚಿನ ಯೂಲಾ ಮೇ ಇದ್ದಾಳಲ್ಲ, ಬೀಸಣಿಗೆ ಹಿಡ್ಕೊಂಡು ಮೊದಲನೇ ಸಾಲಲ್ಲೇ ಕೂತಿರ್ತಾಳೆ. ನೀನು ಬಿದ್ರೆ ಗಾಳಿ ಹಾಕೋಳು ನಾನೇ ಆಗ್ಬೇಕು ಅಂತ ಈಗ್ಲೇ ಕಾಯ್ತಿದ್ದಾಳೆ.

ಅದಕ್ಕೇ ತಂದೆ ಇದನ್ನ. ಇಲ್ನೋಡು. ಬಿಸಿ ಇದೆ, ಮುಟ್ಬೇಡ ತಡಿ, ಫಾಯಿಲು ನಾನು ತೆಗೀತೀನಿ.

ಯಾಕೆ ನಗ್ತೀಯ?

ಯಾಕಕ್ಕ ನಗ್ತೀಯ? ಮ್ಯಾಕರೋನಿ ಚೀಸೇ ಕಣೆ ಇದು. ನಾನೇ ಮಾಡಿದ್ದು. ನಗು, ನಗು, ಪರವಾಗಿಲ್ಲ, ಗಂಡ ಸತ್ತ ಮೇಲೆ ಮೊದಲನೇ ಸಲ ನಿನ್ನ ಹಲ್ಲು ಕಾಣಿಸ್ತು. ಅಷ್ಟಕ್ಕಾದ್ರೂ ಆಯ್ತಲ್ಲ ನನ್ನ ಮ್ಯಾಕರೋನಿ. ನಂಗೊತ್ತು ನೀನು ಯಾವುದನ್ನ ನೆನೆಸ್ಕೊಂಡೆ ಅಂತ. ಚರ್ಚಿನ ವಾರ್ಷಿಕೋತ್ಸವ. ನಾನು ಅಂಗಡಿ ಡಬ್ಬಿದು ತಂದು, ಅದ್ರಲ್ಲಿ ಬರೋ ಆ ಕಿತ್ತಳೆ ಬಣ್ಣದ ಪುಡಿ ಹಾಕಿ ಕಲಸಿ, ದೊಡ್ಡ ಪಾತ್ರೆಗೆ ಸುರಿದು ತಂದಿದ್ದೆ. ನನಗೇನು ಗೊತ್ತು? ಸ್ಕೂಲಿಗೂ ಸರಿಯಾಗಿ ಹೋಗ್ಲಿಲ್ಲ, ಅಡುಗೆ ಕಲಿಸೋಕೆ ಅಮ್ಮನೂ ಉಳೀಲಿಲ್ಲ. ಪಾಸ್ಟರು ಒಂದು ಚಮಚ ಬಾಯಿಗಿಟ್ಕೊಂಡ್ರು. ಕಣ್ಣು ಮುಚ್ಚಿದ್ರು. ನಾನು ರುಚಿಗೆ ಮುಚ್ಚಿದ್ರು ಅಂದ್ಕೊಂಡೆ, ಅವರು ಪ್ರಾರ್ಥನೆ ಮಾಡ್ತಿದ್ರು. ಆವತ್ತಿಂದ ಇವತ್ತಿನವರೆಗೆ, "ವರ್ಡೆಲ್ಲಮ್ಮ, ನೀವು ಐಸ್ ತನ್ನಿ, ಪೇಪರ್ ತಟ್ಟೆ ತನ್ನಿ, ಸಾಕು." ಎಷ್ಟು ಮದುವೆ, ಎಷ್ಟು ಸಾವು, ಎಷ್ಟು ಈಸ್ಟರ್. ವರ್ಡೆಲ್ ಅಂದ್ರೆ ಐಸು. ಆ ಚರ್ಚಲ್ಲಿ ನಾನು ಸತ್ತಾಗ ನನ್ನನ್ನೂ ಐಸಲ್ಲೇ ಇಡ್ತಾರೆ.

ಆದ್ರೆ ಇದು ಡಬ್ಬಿದಲ್ಲ. ನೋಡು ಸರಿಯಾಗಿ. ಚೀಸ್ ಗಟ್ಟಿದು ತಂದು ಕೈಯಾರೆ ತುರಿದಿದ್ದು. ಟಿನ್ನಿನ ಗಟ್ಟಿ ಹಾಲು, ಮೊಟ್ಟೆ, ಬೆಣ್ಣೆ, ಚಿಟಿಕೆ ಸಾಸಿವೆ ಪುಡಿ. ಮೇಲೆ ನೋಡು ಹೆಂಗೆ ಕೆಂಪಗಾಗಿದೆ. ಯಾರು ಕಲಿಸಿದ್ರಾ? ಯಾರಾದ್ರೂ ಕಲಿಸ್ಲೇಬೇಕಾ? ಟೀವಿ ಇಲ್ವಾ? ನಂಬಲ್ವಾ? ಇರು, ಟ್ರೇ ಎತ್ತಿ ತಳ ತೋರಿಸ್ತೀನಿ. ಇಲ್ನೋಡು, ಬಿಳಿ ಟೇಪು. ಏನಂತ ಬರ್ದಿದೆ? ವರ್ಡೆಲ್. ನನ್ನ ಕೈಬರಹ. ಟ್ರೇ ನಂದು, ಓವನ್ ನಂದು, ಅಂದ್ಮೇಲೆ ಒಳಗಿರೋದೂ ನಂದೇ ತಾನೇ.

ಕೈಗೇನಾಗಿದೆ? ನನ್ನ ಕೈಗಾ? ಏನೂ ಆಗಿಲ್ಲ. ಓ, ತುರಿಮಣೆಗೆ ಬೆರಳು ಸಿಕ್ಕಿರ್ಬೇಕಿತ್ತು ಅಂತೀಯಾ. ಅಷ್ಟು ಚೀಸ್ ತುರಿದೋಳ ಬೆರಳು ಇಷ್ಟು ನುಣ್ಣಗೆ ಹೆಂಗಿದೆ ಅಂತ. ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ನೀನು. ನಾನು ಜೋಪಾನವಾಗಿ ತುರಿದೆ. ಆಯ್ತಾ?

ತಿನ್ನು. ಆಮೇಲೆ ತಿಂತೀಯಾ? ಆಮೇಲೆ ಅಂದ್ರೆ ತಿನ್ನಲ್ಲ ಅಂತ ಅರ್ಥ. ಸರಿ, ಆರ್ಲಿ ಸ್ವಲ್ಪ.

ಈ ನಲ್ಲಿ ಸೋರ್ತಿದೆ ಅಕ್ಕ. ಹೋಸಿಯಣ್ಣ ಇದ್ದಿದ್ರೆ ಇಷ್ಟೊತ್ತಿಗೆ ವಾಷರ್ ಹಾಕಿರ್ತಿದ್ದ. ನಮ್ಮನೆ ನಲ್ಲಿಗೂ ಅವನೇ ಹಾಕ್ತಿದ್ದ. ತಪ್ಪಾಯ್ತು, ಆ ಮಾತು ಎತ್ಬಾರ್ದಿತ್ತು.

ನಾನು ಯಾಕೆ ತಂದೆ ಹೇಳ್ತೀನಿ ಕೇಳು. ನಾಳೆ ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಊಟದ ಕೋಣೇಲಿ ಊಟ. ಎಲ್ಲಾ ಸರಿ. ಮ್ಯಾಕರೋನಿ ಯಾರು ಮಾಡೋದು? ಇಷ್ಟು ವರ್ಷ ಯಾವ ಸಾವಾದ್ರೂ ನೀನೇ ಮಾಡ್ತಿದ್ದೆ. ಜನ ಸಾಲಲ್ಲಿ ಬಂದು ಟ್ರೇ ಮುಂದೆ ನಿಂತು ಬಾಯಿಬಿಟ್ಟು ಕೇಳೋದೇ ಒಂದು, "ಇದು ಯಾರು ಮಾಡಿದ್ದು?" ಒಜೆಲ್ಲಕ್ಕ ಅಂದ್ರೆ ತಟ್ಟೆ ಚಾಚ್ತಾರೆ. ಬೇರೆ ಹೆಸರು ಹೇಳಿದ್ರೆ "ಹೊಟ್ಟೆ ತುಂಬಿದೆ" ಅಂತ ಮುಂದೆ ಹೋಗ್ತಾರೆ. ಈಗ ನಿನ್ನ ಗಂಡನ ಊಟಕ್ಕೆ ನೀನು ಸೌಟು ಹಿಡಿಯೋ ಹಂಗಿಲ್ಲ. ಹಿಡಿದ್ರೆ ಊರೇ ನಗುತ್ತೆ, ವಿಧವೆ ಕೈಲಿ ಕೆಲಸ ಮಾಡಿಸಿದ್ರು ಅಂತ. ಹಂಗಾಗಿ ಯೂಲಾ ಮೇ ಏಪ್ರನ್ನು ಕಟ್ಟಿ ನಿಂತಿದ್ದಾಳೆ. "ನಾನು ಮಾಡ್ತೀನಿ, ಮೇಲೆ ಬ್ರೆಡ್ ಪುಡಿ ಉದುರಿಸ್ತೀನಿ" ಅಂದ್ಲಂತೆ. ಬ್ರೆಡ್ ಪುಡಿ, ಅಕ್ಕ. ಮ್ಯಾಕರೋನಿ ಮೇಲೆ. ಹೋಸಿಯಣ್ಣ ಪೆಟ್ಟಿಗೆಯಿಂದ ಎದ್ದು ಕೂರ್ತಾನೆ.

ಅದಕ್ಕೇ... ನಾನು ಮಾಡ್ಲಾ ಅಂತ. ನಾಳೆಗೆ. ಇದನ್ನ ನೀನು ರುಚಿ ನೋಡಿ ಸರಿ ಇದೆ ಅಂದ್ರೆ, ಒಂದು ಮಾತು ಪಾಸ್ಟರಿಗೆ ಹೇಳಿದ್ರೆ, "ಈ ಸಲ ವರ್ಡೆಲ್ ಮಾಡ್ತಾಳೆ" ಅಂತ. ನಾಲ್ಕು ದೊಡ್ಡ ಟ್ರೇ. ನನ್ನ ಹೆಸರು ತಳದಲ್ಲಿ. ಯೂಲಾ ಮೇ ಬಂದು ಟ್ರೇ ಮುಂದೆ ನಿಂತು ಕೇಳ್ಬೇಕು, ಇದು ಯಾರು ಮಾಡಿದ್ದು ಅಂತ. ನಾನು ಆ ಕಡೆ ಐಸ್ ಬಕೆಟ್ ಹತ್ರ ನಿಂತು... ಸುಮ್ನೆ ನಿಂತಿರ್ಬೇಕು. ಏನೂ ಹೇಳ್ಬಾರ್ದು. ಬೇರೆಯವರು ಹೇಳ್ಬೇಕು.

ಇಷ್ಟು ಆಸೆ ಪಟ್ರೆ ತಪ್ಪಾ?

ಇನ್ನೊಂದು. ನಾಳೆ ನಿನ್ನ ಪಕ್ಕದಲ್ಲಿ ಯಾರು ನಡೀತಾರೆ? ಬಾಗಿಲಿಂದ ಒಳಗೆ ಬರೋವಾಗ ಮನೆಯವರು ಜೋಡಿ ಜೋಡಿ ಬರ್ಬೇಕು. ನಿನ್ನ ತಮ್ಮ ಶಿಕಾಗೋದಿಂದ ಬರಲ್ಲ, ಮಂಡಿ ಕೊಯ್ಸಿಕೊಂಡು ಮಲಗಿದ್ದಾನೆ. ನೀನು ಒಬ್ಬಳೇ ಬರ್ತೀಯಾ ಮುಂದೆ? ಕೈ ಹಿಡ್ಕೊಳ್ಳಕ್ಕೆ ಒಂದು ಕೈ ಬೇಡ್ವಾ? ನಾನು ಮನೆಯೋಳಲ್ಲ, ಒಪ್ತೀನಿ. ಆದ್ರೆ ಮನೆ ಪಕ್ಕ ಮನೆ ಅಂತ ಇಷ್ಟು ವರ್ಷ ಇದ್ದೋಳು ಅರ್ಧ ಮನೆಯೋಳು ಆಗಲ್ವಾ?

ಇನ್ಯಾರಿದ್ದಾರೆ ಹೇಳು. ರೆನೆಟ್ಟ...

ಆಯ್ತು. ಆಯ್ತು ಕಣಕ್ಕ, ಚಮಚ ಕೆಳಗಿಡಬೇಡ. ಹೆಸರು ಎತ್ತಲ್ಲ. ಹೆತ್ತ ಮಗಳ ಹೆಸರು ಬಾಯಲ್ಲಿ ಬಂದ್ರೆ ಹಾವು ತುಳಿದಂಗೆ ಆಡ್ತೀಯಲ್ಲ. "ಅವಳು ಬಂದ್ರೆ ಕೊನೇ ಬೆಂಚಲ್ಲಿ ಕೂರ್ಲಿ, ಕರೆಯೋಳು ನಾನಲ್ಲ" ಅಂದ್ಯಂತೆ ಪಾಸ್ಟರಿಗೆ. ಹೌದು, ಅದೂ ಗೊತ್ತು ನಂಗೆ. ಪಾಸ್ಟರ ಹೆಂಡತಿ ಬಾಯಿ ನಿನಗೆ ಗೊತ್ತಿಲ್ವಾ?

ನಾನು ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡ. ಅವಳು ಮಾಡಿದ್ದೇನು? ಕಳ್ಳತನ ಮಾಡಿದ್ಲಾ? ಯಾರನ್ನಾದ್ರೂ ಕೊಂದ್ಲಾ? ಬರ್ಮಿಂಗ್‌ಹ್ಯಾಮಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರೋವಾಗ ಮ್ಯಾಕರೋನಿ ಮಾಡ್ಕೊಂಡು ಬಂದ್ಲು. ಅಷ್ಟೇ.

ಗೊತ್ತು, ಗೊತ್ತು. ಅಷ್ಟೇ ಅಲ್ಲ. ನಾನೂ ಇದ್ನಲ್ಲ ಆವತ್ತು, ಮೇಜಿನ ಕೊನೇಲಿ, ಐಸ್ ಹಿಡ್ಕೊಂಡು. ಅಮ್ಮನ ಮನೆಗೆ ಬರೋಳು ಗೆಣಸಿನ ಪೈ ತರ್ಬೋದು, ಬೀನ್ಸ್ ತರ್ಬೋದು, ಬೇಕಿದ್ರೆ ಒಂದು ಇಡೀ ಟರ್ಕಿ ಕೋಳಿ ತರ್ಬೋದು. ಮ್ಯಾಕರೋನಿ ತರ್ಬಾರ್ದು, ಅದು ಅಮ್ಮಂದೇ ಪಾಲು. ಕೇಳ್ದೆ ತರ್ಬಾರ್ದು. ನಮ್ಮಲ್ಲಿ ಅದು ಮೂರು ವರ್ಷದ ಕೂಸಿಗೂ ಗೊತ್ತು. ಅವಳು ತಂದು, ನಿನ್ನ ಟ್ರೇ ಪಕ್ಕದಲ್ಲೇ ಇಟ್ಲು. ಒಂದೇ ಮೇಜಿಗೆ ಎರಡು ಟ್ರೇ. ಎಲ್ಲಾರೂ ತಟ್ಟೆ ಹಿಡ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಿದ್ರು, ಯಾವುದಕ್ಕೆ ಚಮಚ ಹಾಕಿದ್ರೆ ಯಾರಿಗೆ ಸಿಟ್ಟು ಅಂತ. ಅವಳು ಪಾಪ ನಗ್ತಿದ್ಲು. "ಅಮ್ಮಂಗೆ ಕೈ ನೋವು, ಒಂದು ಟ್ರೇ ಸಾಕಾಗದೇ ಇರ್ಬೋದು ಅಂತ ತಂದೆ" ಅಂದ್ಲು. ಆ ಮಾತು ಇನ್ನೂ ತಪ್ಪು. ನಿನಗೆ ಕೈ ನೋವು ಅಂತ ಊರೆದುರಿಗೆ ಹೇಳೋದಾ?

ಆಮೇಲೆ ಹೋಸಿಯಣ್ಣ ಎದ್ದ. ಎದ್ದವನು... ಹೌದು. ಅವಳ ಟ್ರೇಗೇ ಮೊದಲು ಚಮಚ ಹಾಕಿದ. ಯೋಚನೆನೇ ಮಾಡ್ಲಿಲ್ಲ, ಗಂಡಸು. ಮಗಳು ಅಷ್ಟು ದೂರದಿಂದ ತಂದಿದ್ದಾಳೆ ಅಂತ ಹಾಕಿದ. ಅವನು ಹಾಕಿದ್ಮೇಲೆ ಎಲ್ಲಾರೂ ಹಾಕಿದ್ರು. ಸಾಯಂಕಾಲ ಅವಳ ಟ್ರೇ ತಳ ಕಾಣ್ತಿತ್ತು, ನಿಂದು ಅರ್ಧ ಹಂಗೇ ಇತ್ತು. ನೀನು ಉಳಿದಿದ್ದನ್ನ ಹಿತ್ತಲಿಗೆ ತಗೊಂಡೋಗಿ ನಾಯಿಗೆ ಸುರಿದೆ. ಬೇಲಿ ಆ ಕಡೆ ನಾನಿದ್ದೆ, ನೀನು ನೋಡ್ಲಿಲ್ಲ. ನಾಯಿ ತಿಂತಿತ್ತು, ನೀನು ಟ್ರೇ ಎದೆಗೆ ಅವುಚ್ಕೊಂಡು ನಿಂತಿದ್ದೆ.

ಅದಾದ ಮೇಲೆ ಒಂದು ಕ್ರಿಸ್‌ಮಸ್ಸಿಗೂ ಅವಳು ಬರ್ಲಿಲ್ಲ. ನೀನು ಬಾ ಅನ್ಲಿಲ್ಲ, ಅವಳು ಬರ್ಲಾ ಅನ್ಲಿಲ್ಲ. ಇಬ್ಬರದ್ದೂ ಒಂದೇ ಗಂಟಲು, ಮಾತು ಅಲ್ಲೇ ಸಿಕ್ಕಿಹಾಕ್ಕೊಳುತ್ತೆ. ನಡುವೆ ಹೋಸಿಯಣ್ಣ ಕ್ಷೌರದ ಅಂಗಡಿ ಫೋನಿಂದ ಅವಳಿಗೆ ಫೋನ್ ಮಾಡ್ತಿದ್ದ. ಗೊತ್ತಿತ್ತಾ ನಿನಗೆ? ಗೊತ್ತಿತ್ತಾ? ನೋಡಿದ್ಯಾ, ನಾನೊಬ್ಬಳೇ ಚಾಡಿಕೋರಿ ಅಂತೀರ, ಈ ಬೀದೀಲಿ ಎಲ್ಲಾರಿಗೂ ಎಲ್ಲಾ ಗೊತ್ತಿರುತ್ತೆ.

ಏನು ಸದ್ದು? ಯಾವ ಸದ್ದು? ನಮ್ಮನೇಲಾ? ಬಾಗಿಲು ಗಾಳಿಗೆ ಬಡ್ಕೊಂಡಿರುತ್ತೆ. ಗಾಳಿ ಇಲ್ಲ ಅಂದ್ರೆ ಬೆಕ್ಕು. ಹೌದು, ನಾನು ಬೆಕ್ಕು ಸಾಕಿಲ್ಲ, ಬೇರೆಯವರ ಬೆಕ್ಕು ಬರಲ್ವಾ? ಎಲ್ಲಿಗೆ ಏಳ್ತೀಯ? ಕೂತ್ಕೋ. ಆರಿದೆ ನೋಡು, ಈಗ ತಿಂದ್ರೇನೇ ರುಚಿ. ಇನ್ನೊಂದು ಸ್ವಲ್ಪ ಬಿಟ್ರೆ ಬೆಣ್ಣೆ ಮೇಲೆ ಹೆಪ್ಪುಗಟ್ಟುತ್ತೆ. ಒಂದು ಚಮಚ. ನನಗೋಸ್ಕರ ಬೇಡ, ನಾಳೆ ನಿಂತ್ಕೋಬೇಕಲ್ಲ, ನಿನ್ನ ಕಾಲಿಗೋಸ್ಕರ.

ನಡುವಿಂದ ತಗೋ, ಮೆತ್ತಗಿರುತ್ತೆ. ಅಂಚಿಂದು ಯಾಕೆ ಕೆರೀತೀಯ, ಗಟ್ಟಿ ಇರುತ್ತೆ, ನಿನ್ನ ಹಲ್ಲು... ಸರಿ, ಮೂಲೇನೇ ಬೇಕಾ, ತಗೋ. ನಿನ್ನಿಷ್ಟ.

ಹಾಂ.

ಹೆಂಗಿದೆ?

ಹೆಂಗಿದೆ ಅಕ್ಕ? ಇನ್ನೂ ಬಿಸಿ ಇದ್ಯಾ? ನೀರು ಕೊಡ್ಲಾ?

ಯಾಕೆ ಟ್ರೇನೇ ನೋಡ್ತಿದ್ದೀಯ? ಏನಿದೆ ಅಲ್ಲಿ? ಕೂದಲೇನಾದ್ರೂ... ತೋರ್ಸು. ಇದೇನಿದು, ಮೂಲೆ ಒಳಗೆ? ಚೀಸ್ ಗಡ್ಡೆ. ಇಡೀ ತುಂಡು, ತುರೀದೆ ಹಂಗೇ ಹುದುಗಿಸಿಟ್ಟಿದ್ದಾರಲ್ಲ... ಹುದುಗಿಸಿಟ್ಟಿದ್ದೀನಿ. ನಾನೇ. ಅದು ಕೊನೇಲಿ ಸ್ವಲ್ಪ ಉಳೀತು, ತುರಿಯಕ್ಕೆ ಬೇಜಾರಾಗಿ ಹಂಗೇ ಹಾಕ್ದೆ. ಈ ಮೂಲೇಲೂ ಇದ್ಯಾ? ಆ ಮೂಲೆ? ಕೆದಕಿ ನೋಡಿದ್ಯಾ ಆಗ್ಲೇ. ನಾಲ್ಕೂ ಕಡೆ.

ನಾಲ್ಕೂ ಕಡೆ ಒಂದೇ ಅಳತೆ ತುಂಡು.

ಏನಾದ್ರೂ ಮಾತಾಡು. ಹಂಗೆ ಚಮಚ ಹಿಡ್ಕೊಂಡು ಕೂತ್ರೆ ನಾನೇನು ಅಂದ್ಕೋಬೇಕು? ಕೆಟ್ಟದಾಗಿದ್ರೆ ಕೆಟ್ಟದಾಗಿದೆ ಅನ್ನು. ಬೈಯಿ. ಬೈಯಕ್ಕೆ ನಿನಗೆ ಹೇಳ್ಕೊಡ್ಬೇಕಾ? ಉಪ್ಪು ಕಮ್ಮಿನಾ? ಹೋಸಿಯಣ್ಣಂಗೆ ಮೂಲೆ ಇಷ್ಟ ಅಂತ ನಂಗೂ ಗೊತ್ತು, ಅವನು ಯಾವಾಗ್ಲೂ ಮೂಲೆಗೇ ಕೈ ಹಾಕ್ತಿದ್ದ, ಗರಿಗರಿ ಇಷ್ಟ ಅಂತ ನಾನು ಅಂದ್ಕೊಂಡಿದ್ದೆ... ಗರಿಗರಿಗಲ್ವಾ? ಇದಕ್ಕಾ? ನೀನು ಇದನ್ನ ಒಳಗೆ ಬಚ್ಚಿಡ್ತಿದ್ಯಾ ಅವನಿಗೆ? ಮದುವೆ ಆದಾಗಿಂದ್ಲಾ?

ಅಯ್ಯೋ ಅಕ್ಕ. ಇಷ್ಟು ವರ್ಷ ಪಕ್ಕದ ಮನೇಲಿದ್ದೀನಿ. ಕಸದ ಡಬ್ಬಿ ಮುಚ್ಚಳದವರೆಗೂ ನೋಡಿದ್ದೀನಿ. ಇದು ನಂಗೆ ಗೊತ್ತೇ ಇರ್ಲಿಲ್ಲ.

ಅವಳು ನಂಗೆ ಹೇಳ್ಲೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ ಅವಳು ಮಾಡೋವಾಗ. "ಚಿಕ್ಕಮ್ಮ, ಸ್ವಲ್ಪ ಆ ಕಡೆ ಹೋಗಿ ಪೇಪರ್ ಟವಲ್ ತನ್ನಿ" ಅಂದ್ಲು. ಆಗ್ಲೇ ಇಟ್ಟಿರ್ಬೇಕು. ಕಳ್ಳಿ.

...

ಹೌದು.

ಹೌದಕ್ಕ. ನಾನು ಮಾಡಿದ್ದಲ್ಲ. ಸಾಕಾ? ಅದನ್ನೇ ಕೇಳ್ಬೇಕಿತ್ತಾ ನನ್ನ ಬಾಯಿಂದ? ಬೈಯಿ ಈಗ.

ನಿನ್ನ ಮಗಳು ಬುಧವಾರ ಬಸ್ಸಿಗೆ ಬಂದ್ಲು. ನಿನ್ನ ಬಾಗಿಲವರೆಗೆ ಬಂದು, ಗೇಟ್ ಮೇಲೆ ಕೈ ಇಟ್ಟು, ತಿರುಗಿ ನಮ್ಮನೆ ಹಿಂಬಾಗಿಲಿಗೆ ಬಂದ್ಲು. ಯಾರು ಹೇಳಿದ್ರು ಅವಳಿಗೆ ಅಂತ ಕೇಳ್ಬೇಡ. ನಾನೇ. ಸೋಮವಾರ ಮಧ್ಯಾಹ್ನ ನೀನು ಆಸ್ಪತ್ರೆಯಿಂದ ಬಂದು ಆ ಕುರ್ಚಿ ಮೇಲೆ ಕೂತಾಗ, ನಾನು ಹೋಗಿ ಫೋನ್ ಮಾಡ್ದೆ. ನಿನ್ನ ಕೇಳ್ಲಿಲ್ಲ. ಅಪ್ಪ ಹೋದ ಅನ್ನೋದನ್ನ ಕೇಳಿ ಹೇಳ್ಬೇಕಾ?

ಮಾತಾಡಲ್ವಾ? ಸರಿ, ನಾನೇ ಆಡ್ತೀನಿ, ನಂಗೇನು ಅಭ್ಯಾಸ ಇಲ್ವಾ.

ನೀನು ತಿಂತಿಲ್ಲ ಅಂತ ನಾನೇ ಹೇಳ್ದೆ ಅವಳಿಗೆ. ರಾತ್ರಿ ಎಲ್ಲಾ ಮಗ್ಗುಲು ಬದಲಾಯಿಸ್ತಾ ಇದ್ಲು, ಬೆಳಿಗ್ಗೆ ಎದ್ದು ಪಾತ್ರೆ ಹುಡುಕಕ್ಕೆ ಶುರು ಮಾಡಿದ್ಲು. ನಮ್ಮನೇಲಿ ಏನಿದೆ, ಐಸ್ ಬಕೆಟ್ ಬಿಟ್ರೆ? ಈ ಟ್ರೇನ ಮೇಲಿನ ಅಲಮಾರಿಯಿಂದ ತೆಗೆದ್ಲು, ಧೂಳು ಒಂದು ಬೆರಳು ದಪ್ಪ ಇತ್ತು. ನಮ್ಮ ಓವನ್ ಎಡಗಡೆ ಮಾತ್ರ ಸುಡುತ್ತೆ, ಅದಕ್ಕೆ ಮಂಡಿಯೂರಿ ಅದ್ರ ಮುಂದೇನೇ ಕೂತಿದ್ಲು, ಘಳಿಗೆಗೊಂದು ಸಲ ತಿರುಗಿಸ್ತಾ. ಮುಖ ಎಲ್ಲಾ ಕೆಂಪಗೆ. ಅದು ಶಾಖಕ್ಕೋ ಅತ್ತಿದ್ದಕ್ಕೋ ನಂಗೊತ್ತಾಗ್ಲಿಲ್ಲ. ಆಮೇಲೆ ಫಾಯಿಲ್ ಮುಚ್ಚಿ ನನ್ನ ಕೈಗಿಟ್ಟು, "ಚಿಕ್ಕಮ್ಮ, ನೀವೇ ಮಾಡಿದ್ದು ಅನ್ನಿ. ನಾನು ಅಂದ್ರೆ ಬಾಯಿಗೆ ಇಟ್ಕೊಳಲ್ಲ" ಅಂದ್ಲು.

ಹಂಗೆ ಅನ್ನೋಕೆ ಅವಳೇ ಹೇಳಿದ್ದು. ಆ ಸುಳ್ಳು ನಂದಲ್ಲ.

ಸುಳ್ಳು ನಂದಲ್ಲ ಅಕ್ಕ. ಆದ್ರೆ ಹೇಳ್ತಾ ಹೇಳ್ತಾ... ಚೆನ್ನಾಗಿತ್ತು ಕಣೆ ಹೇಳಕ್ಕೆ. "ನಾನೇ ಮಾಡಿದ್ದು." ಆ ಪಾಸ್ಟರಿಗೆ ಹೇಳು ಅಂದಿದ್ದು, ಯೂಲಾ ಮೇ ಮುಖ ನೋಡ್ಬೇಕು ಅಂದಿದ್ದು, ಅದನ್ನೆಲ್ಲ ಅವಳು ಹೇಳಿಕೊಟ್ಟಿರ್ಲಿಲ್ಲ. ಅದು ಬಾಯಿಗೆ ತಾನಾಗೇ ಬಂತು. ನೀನು ಒಂದು ಸಲ "ಪರವಾಗಿಲ್ವೇ ವರ್ಡೆಲ್" ಅಂದಿದ್ರೆ, ನಾನು... ಗೊತ್ತಿಲ್ಲ. ಸುಮ್ನಿದ್ದುಬಿಡ್ತಿದ್ನೋ ಏನೋ.

ಅಷ್ಟೇ. ಇನ್ನೇನೂ ಮುಚ್ಚಿಟ್ಟಿಲ್ಲ.

ಹಂಗೆ ನೋಡ್ಬೇಡ ಅಂದ್ನಲ್ಲ. ನೀನು ಮಾತಾಡದೆ ನೋಡಿದ್ರೆ ನನ್ನ ನಾಲಿಗೆ ನಿಲ್ಲಲ್ಲ, ನಿಂಗೊತ್ತು ಅದು.

ಅವಳು ಅಂದಿದ್ದು ಇನ್ನೊಂದಿದೆ. "ಅಮ್ಮ ತಿಂದ್ರೆ ಸಾಕು. ನಾಳೆ ನಾನು ಕೊನೇ ಬೆಂಚಲ್ಲಿ ಕೂತು, ಅಪ್ಪನ್ನ ನೋಡಿ, ಊಟಕ್ಕೆ ನಿಲ್ಲದೆ ಬಸ್ಸು ಹತ್ತುತ್ತೀನಿ" ಅಂದ್ಲು. ನಾನು ಏನಂದೆ ಕೇಳಲ್ವಾ? "ಹಂಗೇ ಮಾಡು ಮಗಳೇ, ಅದೇ ಒಳ್ಳೇದು" ಅಂದೆ. ಬೇಡ ಅನ್ಲಿಲ್ಲ. ಮುಂದೆ ಹೋಗಿ ಕೂತ್ಕೋ, ನಿಮ್ಮಮ್ಮನ ಕೈ ಹಿಡ್ಕೋ ಅನ್ಬೋದಿತ್ತು. ಅನ್ಲಿಲ್ಲ. ಆ ಜಾಗ ಖಾಲಿ ಇದ್ರೆ ನಾನು...

ಎಲ್ಲಿಗೆ ಹೋಗ್ತೀಯ? ಅಕ್ಕ? ಬಚ್ಚಲಿಗಾ? ಬಿದ್ದುಗಿದ್ದೀಯ, ಹುಷಾರು. ನಾನು ಬರ್ಲಾ? ಆಯ್ತು, ಇಲ್ಲೇ ಇರ್ತೀನಿ. ಇಲ್ಲೇ ನಿಂತಿದ್ದೀನಿ.

ಏನು ಹುಡುಕ್ತಿದ್ದೀಯ ಒಳಗೆ? ನಾಳೆ ಉಡೋದು ಇಸ್ತ್ರಿ ಮಾಡಿ ಹೊರಗೇ ನೇತು ಹಾಕಿದೆ, ನೋಡಿದೆ ನಾನು. ಶೂನೂ ಹೊರಗೇ ಇದೆ.

ಓ. ಚರ್ಚಿಗೆ ಹಾಕೋ ಟೋಪಿ.

ಎರಡು ಯಾಕೆ? ಮುಖಕ್ಕೆ ಬಲೆ ಇಳಿಬಿಟ್ಟಿರೋದು ನಿಂದು. ಇದು? ಸ್ಯಾಟಿನ್ನು. ಚೆನ್ನಾಗಿದೆ. ಎಷ್ಟು ದಿನ ಆಯ್ತು ನೀನು ಇದನ್ನ ಹಾಕಿ. ಆದ್ರೆ ಅಕ್ಕ, ನನ್ನ ತಲೆ ಗೊತ್ತಲ್ಲ, ಕುಂಬಳಕಾಯಿ. ಇದು ನನಗೆ ಕೂರಲ್ಲ. ಪಿನ್ನು ಹಾಕಿದ್ರೆ ಕೂರ್ಬೋದೇನೋ, ಹಿಂದ್ಗಡೆ ಸ್ವಲ್ಪ...

ನನಗಲ್ಲ.

ಸರಿ. ಸರಿ, ಅದೇ ಸರಿ. ಅವಳ ತಲೆಗೆ ಅಳತೆ ಮಾಡಿದಂಗೆ ಕೂರುತ್ತೆ. ಬಸ್ಸಲ್ಲಿ ಬಂದೋಳು, ಟೋಪಿ ತಂದಿಲ್ಲ, ಬರೀ ತಲೇಲಿ ಹೆಂಗೆ ಹೋಗ್ಲಿ ಅಂತ ಅಂತಿದ್ಲು. ಹೇಳ್ತೀನಿ. ಹೋಗಿ ಹೇಳ್ತೀನಿ ಈಗ್ಲೇ. ಏನಂತ ಹೇಳ್ಲಿ? ಒಂದು ಮಾತು ಕೊಡು, ತಗೊಂಡೋಗ್ತೀನಿ. ಕೊಡಲ್ವಾ? ಸರಿ, ಮಾತಿಲ್ದೇನೇ ಕರ್ಕೊಂಬರ್ತೀನಿ. ಎಲ್ಲಾ ಮಾತಿಗೂ ನಾನೇ ಬೇಕು ಈ ಮನೇಲಿ.

ಹೋಗ್ತೀನಿ.

ಹೋಗ್ತೀನಿ ಅಂದ್ನಲ್ಲಕ್ಕ. ಈ ಚಮಚ ತೊಳೆದಿಟ್ಟು ಹೋಗ್ತೀನಿ. ನಲ್ಲಿ ಬೇರೆ ಸೋರ್ತಿದೆ. ಮೇಜೂ ಒಂದು ಸಲ ಒರೆಸ್ಬಿಡ್ತೀನಿ, ಅವಳು ಬಂದಾಗ... ಆಗ್ಲೇ ಒರೆಸಿದ್ನಾ? ಎರಡು ಸಲನಾ?

ಕಾಲು ಹಿಡ್ಕೊಂಡಿದೆ ಕಣಕ್ಕ, ಅದಕ್ಕೇ ನಿಂತೆ. ಬೆಳಿಗ್ಗೆಯಿಂದ ನಿಂತೇ ಇದ್ದೀನಲ್ಲ. ಅಂಗಳ ದಾಟಿದ್ರೆ ನಮ್ಮನೆ, ಎಷ್ಟೊತ್ತು ಬೇಕು. ಬುಧವಾರದಿಂದ ಎಷ್ಟು ಸಲ ಈ ಬಾಗಿಲವರೆಗೆ ಬಂದು ವಾಪಸ್ ಹೋದೆ ಗೊತ್ತಾ, ಇವತ್ತು ಹೇಳೋಣ, ಈಗ ಹೇಳೋಣ ಅಂತ. ನಿನಗೆ ಸಿಟ್ಟು ಬರುತ್ತೆ ಅಂತ ಹೇಳ್ಲಿಲ್ಲ.

ಅದಕ್ಕೇ ಹೇಳ್ಲಿಲ್ಲ. ನಿನ್ನ ಸಿಟ್ಟಿಗೆ ಹೆದರಿ.

...ನಂಬಲ್ವಾ.

ಮಾತಾಡು ಅಕ್ಕ. ಬೇಡ, ಆಡ್ಬೇಡ. ಆಯ್ತು. ಇಷ್ಟು ವರ್ಷ ನಮ್ಮನೇಲಿ ತೊಳೀತಿದ್ದಿದ್ದು ಒಂದೇ ತಟ್ಟೆ. ಬುಧವಾರದಿಂದ ಎರಡು ತೊಳೀತಿದ್ದೀನಿ.